ಹೃದ್ರೋಗಿಗಳಲ್ಲಿ ಹೃದಯದ ಲಯದೋಷ

ಹೃದಯದ ಲಯದೋಷ ಎಂದರೆ ಹೃದಯದ ಬಡಿತವು ತನ್ನ ಸಹಜ ಕ್ರಮವನ್ನು ಬಿಟ್ಟು ಅತಿ ವೇಗವಾಗಿ, ಅತಿ ನಿಧಾನವಾಗಿ ಅಥವಾ ಅನಿಯಮಿತವಾಗಿ ನಡೆಯುವ ಸ್ಥಿತಿ. ವೈದ್ಯಕೀಯದಲ್ಲಿ ಇದನ್ನು ಅರಿತ್ಮಿಯಾ ಎಂದು ಕರೆಯುತ್ತಾರೆ. ಆರೋಗ್ಯವಂತರಲ್ಲಿಯೂ ಆಗಾಗ ಒಂದು ಬಡಿತ ಅವಧಿಗೆ ಮುಂಚೆಯೇ ಬಂದುಹೋಗುವುದುಂಟು. ಅದರಿಂದ ಸಾಮಾನ್ಯವಾಗಿ ಅಪಾಯವಿರುವುದಿಲ್ಲ. ಆದರೆ ಹೃದಯಾಘಾತ, ಹೃದಯ ವೈಫಲ್ಯ, ಕವಾಟಗಳ ರೋಗ ಮುಂತಾದವುಗಳಿಂದ ಬಳಲುತ್ತಿರುವವರಲ್ಲಿ ಲಯದೋಷವು ಪಾರ್ಶ್ವವಾಯುವಿಗೆ, ಮೂರ್ಛೆಗೆ, ಕೆಲವೊಮ್ಮೆ ಹಠಾತ್ ಮರಣಕ್ಕೆ ಕಾರಣವಾಗಬಹುದು. ಬಹುಪಾಲು ಸಂದರ್ಭಗಳಲ್ಲಿ ಲಯದೋಷವು ಸ್ವತಂತ್ರವಾದ ಕಾಯಿಲೆಯಲ್ಲ. ಅದು ಹೃದಯದ ಸ್ನಾಯುವಿನಲ್ಲಿ, ಕವಾಟದಲ್ಲಿ ಅಥವಾ ರಕ್ತದ ಲವಣಾಂಶದಲ್ಲಿ ಆಗಿರುವ ಬದಲಾವಣೆಯ ಪರಿಣಾಮ. ಆದ್ದರಿಂದ ಅದರ ಚಿಕಿತ್ಸೆಯು ಕಾರಣವನ್ನು ಹುಡುಕುವುದರಿಂದಲೇ ಆರಂಭವಾಗುತ್ತದೆ.

ಹೃದಯದ ಸಹಜ ಲಯ

ಹೃದಯದಲ್ಲಿ ನಾಲ್ಕು ಕೋಣೆಗಳಿವೆ. ಮೇಲಿನ ಎರಡನ್ನು ಹೃತ್ಕರ್ಣಗಳೆಂದೂ ಕೆಳಗಿನ ಎರಡನ್ನು ಹೃತ್ಕುಕ್ಷಿಗಳೆಂದೂ ಕರೆಯುತ್ತಾರೆ. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿರುವ ಎಸ್‌ಎ ನೋಡ್ ಎಂಬ ಪುಟ್ಟ ಜೀವಕೋಶಗಳ ಗುಂಪು ತನ್ನಷ್ಟಕ್ಕೆ ತಾನೇ ವಿದ್ಯುತ್ ಸಂಕೇತಗಳನ್ನು ಉತ್ಪಾದಿಸುತ್ತದೆ. ಈ ಸಂಕೇತ ಮೊದಲು ಹೃತ್ಕರ್ಣಗಳಲ್ಲಿ ಹರಡಿ ಅವುಗಳನ್ನು ಸಂಕುಚಿಸುತ್ತದೆ. ಅನಂತರ ಹೃತ್ಕರ್ಣ ಹಾಗೂ ಹೃತ್ಕುಕ್ಷಿಗಳ ನಡುವಿನ ಎವಿ ನೋಡ್‌ನಲ್ಲಿ ಕ್ಷಣಕಾಲ ತಡೆದು, ಹಿಸ್ ಕಂತೆ ಮತ್ತು ಅದರ ಕವಲುಗಳ ಮೂಲಕ ಪುರ್ಕಿಂಜೆ ತಂತುಗಳನ್ನು ಸೇರಿ, ಎರಡೂ ಹೃತ್ಕುಕ್ಷಿಗಳನ್ನು ಬಹುತೇಕ ಒಟ್ಟಿಗೆ ಸಂಕುಚಿಸುತ್ತದೆ. ನಡುವಿನ ಆ ಸಣ್ಣ ತಡೆಯಿಂದಾಗಿ ಹೃತ್ಕುಕ್ಷಿಗಳಿಗೆ ರಕ್ತ ತುಂಬಿಕೊಳ್ಳಲು ಸಮಯ ದೊರೆಯುತ್ತದೆ.

ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯ ನಿಮಿಷಕ್ಕೆ 60ರಿಂದ 100 ಬಾರಿ, ಅಂದರೆ ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ಬಡಿಯುತ್ತದೆ. ಸೋಡಿಯಂ, ಪೊಟ್ಯಾಸಿಯಂ ಮತ್ತು ಕ್ಯಾಲ್ಸಿಯಂ ಅಯಾನುಗಳು ಜೀವಕೋಶಗಳ ಪೊರೆಯಲ್ಲಿರುವ ಸೂಕ್ಷ್ಮ ದ್ವಾರಗಳ ಮೂಲಕ ಒಳಗೂ ಹೊರಗೂ ಚಲಿಸುವುದರಿಂದಲೇ ಈ ವಿದ್ಯುತ್ ಉಂಟಾಗುತ್ತದೆ. ಹೀಗಾಗಿ ಸಹಜ ಲಯಕ್ಕೆ ಮೂರು ಅಂಶಗಳು ಅಗತ್ಯ: ಸಂಕೇತ ಸರಿಯಾದ ಸ್ಥಳದಲ್ಲಿ ಹುಟ್ಟಬೇಕು, ಅದು ಸಾಗುವ ಮಾರ್ಗ ಆರೋಗ್ಯವಾಗಿರಬೇಕು ಮತ್ತು ಅಯಾನುಗಳ ಪ್ರಮಾಣ ಸಮತೋಲನದಲ್ಲಿರಬೇಕು. ಹೃದ್ರೋಗವು ಈ ಮೂರರಲ್ಲಿ ಯಾವುದನ್ನಾದರೂ ಕೆಡಿಸಬಲ್ಲದು.

ಲಯ ಕೆಡುವ ವಿಧಾನಗಳು

ಮೊದಲನೆಯದು, ಅಸಹಜ ಸ್ವಯಂಚಾಲನೆ. ಎಸ್‌ಎ ನೋಡ್ ಅಲ್ಲದ ಬೇರೆ ಜೀವಕೋಶಗಳು ತಾವೇ ಸಂಕೇತವನ್ನು ಹುಟ್ಟಿಸಲಾರಂಭಿಸುತ್ತವೆ. ರಕ್ತಪೂರೈಕೆ ಕಡಿಮೆಯಾದ ಸ್ನಾಯುಕೋಶಗಳಲ್ಲಿ ಹೀಗಾಗುವ ಸಂಭವ ಹೆಚ್ಚು.

ಎರಡನೆಯದು, ಪ್ರೇರಿತ ಸಂಕೇತಗಳು. ಒಂದು ಬಡಿತ ಮುಗಿದು ಜೀವಕೋಶ ಮರಳಿ ಸಿದ್ಧವಾಗುವ ಹಂತದಲ್ಲಿಯೇ ಅದರ ಬಾಲದಂತೆ ಇನ್ನೊಂದು ಸಂಕೇತ ಹುಟ್ಟುತ್ತದೆ. ಜೀವಕೋಶದಲ್ಲಿ ಕ್ಯಾಲ್ಸಿಯಂ ಹೆಚ್ಚಾದಾಗ ಅಥವಾ ಅದು ಸಿದ್ಧವಾಗಲು ಬಹಳ ಸಮಯ ತೆಗೆದುಕೊಂಡಾಗ ಇದು ಸಂಭವಿಸುತ್ತದೆ.

ಮೂರನೆಯದು, ಸಂಕೇತದ ಮರುಪ್ರವೇಶ. ಹೃದ್ರೋಗಿಗಳಲ್ಲಿ ಕಂಡುಬರುವ ಅಪಾಯಕರ ಲಯದೋಷಗಳಲ್ಲಿ ಹೆಚ್ಚಿನವು ಈ ಬಗೆಯವು. ನದಿಯ ನಡುವೆ ನಡುಗಡ್ಡೆಯಿದ್ದರೆ ನೀರು ಎರಡು ಕವಲಾಗಿ ಹರಿದು ಮುಂದೆ ಕೂಡಿಕೊಳ್ಳುತ್ತದೆ. ಹಾಗೆಯೇ ಹೃದಯ ಸ್ನಾಯುವಿನಲ್ಲಿ ಗಾಯದ ಕಲೆಯಿದ್ದರೆ ಸಂಕೇತವು ಅದರ ಎರಡೂ ಬದಿಯಿಂದ ಸಾಗಬೇಕಾಗುತ್ತದೆ. ಒಂದು ಬದಿಯಲ್ಲಿ ಮಾರ್ಗ ತಾತ್ಕಾಲಿಕವಾಗಿ ಮುಚ್ಚಿದ್ದು, ಇನ್ನೊಂದು ಬದಿಯಲ್ಲಿ ಸಂಕೇತ ನಿಧಾನವಾಗಿ ಸಾಗಿದರೆ, ಅದು ಸುತ್ತಿ ಬರುವ ವೇಳೆಗೆ ಮುಚ್ಚಿದ್ದ ಮಾರ್ಗ ತೆರೆದುಕೊಂಡಿರುತ್ತದೆ. ಆಗ ಸಂಕೇತ ಆ ಮಾರ್ಗದಲ್ಲಿ ಹಿಮ್ಮುಖವಾಗಿ ನುಗ್ಗಿ, ಕಲೆಯ ಸುತ್ತ ಗಾಣದ ಎತ್ತಿನಂತೆ ಸುತ್ತತೊಡಗುತ್ತದೆ. ಪ್ರತಿ ಸುತ್ತಿಗೂ ಹೃದಯ ಒಮ್ಮೆ ಬಡಿಯುತ್ತದೆ.

ಇವಲ್ಲದೆ, ಸಂಕೇತವು ದಾರಿಯಲ್ಲಿ ಪೂರ್ತಿಯಾಗಿ ಅಥವಾ ಭಾಗಶಃ ತಡೆಯಲ್ಪಟ್ಟರೆ ಬಡಿತ ನಿಧಾನವಾಗುತ್ತದೆ. ಇದನ್ನು ಹಾರ್ಟ್ ಬ್ಲಾಕ್ ಎನ್ನುತ್ತಾರೆ. ಜನಸಾಮಾನ್ಯರು ಹೃದಯದ ರಕ್ತನಾಳ ಕಟ್ಟಿಕೊಂಡಿರುವುದನ್ನೂ ‘ಬ್ಲಾಕ್’ ಎಂದೇ ಹೇಳುವುದರಿಂದ ಗೊಂದಲ ಉಂಟಾಗುತ್ತದೆ. ಒಂದು ರಕ್ತದ ಹರಿವಿನ ತಡೆ, ಇನ್ನೊಂದು ವಿದ್ಯುತ್ತಿನ ತಡೆ. ಎರಡರ ಚಿಕಿತ್ಸೆಯೂ ಬೇರೆ.

ಕಾರಣವಾಗುವ ಹೃದ್ರೋಗಗಳು

ಹೃದಯಾಘಾತ

ಹೃದಯಕ್ಕೆ ರಕ್ತ ಒದಗಿಸುವ ಪರಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿ, ಸ್ನಾಯುವಿನ ಒಂದು ಭಾಗಕ್ಕೆ ಆಮ್ಲಜನಕ ದೊರೆಯದೆ ಅದು ಸಾಯತೊಡಗುವುದೇ ಹೃದಯಾಘಾತ. ಇದರಿಂದ ಲಯದೋಷವು ಎರಡು ಬೇರೆ ಬೇರೆ ಕಾಲಗಳಲ್ಲಿ ಉಂಟಾಗಬಹುದು.

ಆಘಾತದ ಮೊದಲ ಗಂಟೆಗಳಲ್ಲಿ ಆಮ್ಲಜನಕವಿಲ್ಲದ ಜೀವಕೋಶಗಳಿಂದ ಪೊಟ್ಯಾಸಿಯಂ ಹೊರಗೆ ಸೋರುತ್ತದೆ, ಆಮ್ಲೀಯತೆ ಹೆಚ್ಚುತ್ತದೆ, ಭಯ ಮತ್ತು ನೋವಿನಿಂದ ಅಡ್ರಿನಲಿನ್ ಪ್ರಮಾಣ ಏರುತ್ತದೆ. ಆರೋಗ್ಯವಾಗಿರುವ ಸ್ನಾಯು ಹಾಗೂ ಹಾನಿಗೊಂಡ ಸ್ನಾಯುಗಳ ನಡುವಿನ ಈ ವ್ಯತ್ಯಾಸದಿಂದ ಹೃತ್ಕುಕ್ಷಿಗಳ ಕಂಪನ ಆರಂಭವಾಗಬಹುದು. ಆಗ ಹೃತ್ಕುಕ್ಷಿಗಳು ಸಂಕುಚಿಸುವ ಬದಲು ಬರಿದೇ ಅದುರುತ್ತವೆ. ರಕ್ತ ಮುಂದಕ್ಕೆ ಹೋಗುವುದಿಲ್ಲ. ಕೆಲವೇ ಸೆಕೆಂಡುಗಳಲ್ಲಿ ರೋಗಿ ಪ್ರಜ್ಞೆ ತಪ್ಪುತ್ತಾನೆ. ಹೃದಯಾಘಾತವಾದವರಲ್ಲಿ ಆಸ್ಪತ್ರೆ ತಲುಪುವ ಮೊದಲೇ ಸಂಭವಿಸುವ ಸಾವುಗಳಿಗೆ ಮುಖ್ಯ ಕಾರಣ ಇದೇ.

ಗಾಯ ಮಾಗಿದ ಮೇಲೆ ಸತ್ತ ಸ್ನಾಯುವಿನ ಜಾಗದಲ್ಲಿ ನಾರುಕಲೆ ಉಳಿಯುತ್ತದೆ. ಕಲೆಯಲ್ಲಿ ವಿದ್ಯುತ್ ಹರಿಯುವುದಿಲ್ಲ, ಆದರೆ ಅದರ ಅಂಚಿನಲ್ಲಿ ಬದುಕುಳಿದ ಸ್ನಾಯುವಿನ ಎಳೆಗಳಲ್ಲಿ ಅದು ನಿಧಾನವಾಗಿ ಹರಿಯುತ್ತದೆ. ಮರುಪ್ರವೇಶಕ್ಕೆ ಬೇಕಾದ ನಿಧಾನದ ಹಾದಿ ಇದೇ. ಆದ್ದರಿಂದ ಹೃದಯಾಘಾತವಾಗಿ ಹಲವು ವರ್ಷಗಳಾದ ಮೇಲೂ, ರೋಗಿ ಚೇತರಿಸಿಕೊಂಡಂತೆ ಕಾಣುತ್ತಿರುವಾಗಲೂ, ಹೃತ್ಕುಕ್ಷಿಯ ವೇಗದ ಬಡಿತ ಕಾಣಿಸಿಕೊಳ್ಳಬಹುದು. ಕಲೆ ದೊಡ್ಡದಾದಷ್ಟೂ ಅಪಾಯ ಹೆಚ್ಚು.

ಹಾರ್ಟ್ ಬ್ಲಾಕ್ ಕೂಡ ಹೃದಯಾಘಾತದ ಪರಿಣಾಮವಾಗಿರಬಹುದು. ಬಹುಪಾಲು ಜನರಲ್ಲಿ ಎವಿ ನೋಡ್‌ಗೆ ರಕ್ತ ಒದಗಿಸುವುದು ಬಲ ಪರಿಧಮನಿ. ಅದು ಕಟ್ಟಿಕೊಂಡು ಹೃದಯದ ಕೆಳಭಾಗಕ್ಕೆ ಆಘಾತವಾದಾಗ ಬಡಿತ ನಿಧಾನವಾಗಬಹುದಾದರೂ ಅದು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಸರಿಹೋಗುತ್ತದೆ. ಹೃದಯದ ಮುಂಭಾಗದ ಆಘಾತದಲ್ಲಿ ಬ್ಲಾಕ್ ಉಂಟಾದರೆ ಬಹಳಷ್ಟು ಸ್ನಾಯು ನಾಶವಾಗಿದೆ ಎಂದು ಅರ್ಥ. ಅದು ಹೆಚ್ಚು ಗಂಭೀರ.

ಹೃದಯ ವೈಫಲ್ಯ

ಹೃದಯವು ದೇಹಕ್ಕೆ ಬೇಕಾದಷ್ಟು ರಕ್ತವನ್ನು ಪಂಪ್ ಮಾಡಲಾರದ ಸ್ಥಿತಿಯೇ ಹೃದಯ ವೈಫಲ್ಯ. ಇದರಲ್ಲಿ ಕೋಣೆಗಳು ಹಿಗ್ಗುತ್ತವೆ, ಸ್ನಾಯುವಿನ ನಡುವೆ ನಾರು ಬೆಳೆಯುತ್ತದೆ, ಜೀವಕೋಶಗಳಲ್ಲಿ ಕ್ಯಾಲ್ಸಿಯಂ ನಿರ್ವಹಣೆ ಕೆಡುತ್ತದೆ. ದುರ್ಬಲ ಹೃದಯವನ್ನು ದುಡಿಸಲು ದೇಹವು ಅಡ್ರಿನಲಿನ್‌ನಂತಹ ಚೋದಕಗಳನ್ನು ಸತತವಾಗಿ ಸ್ರವಿಸುತ್ತದೆ. ಇವೆಲ್ಲವೂ ಲಯದೋಷಕ್ಕೆ ಪೂರಕ. ಇದಕ್ಕೆ ವಿರುದ್ಧವಾಗಿ, ವಾರಗಟ್ಟಲೆ ಅತಿ ವೇಗವಾಗಿ ಬಡಿಯುವ ಹೃದಯವು ಆ ಕಾರಣದಿಂದಲೇ ದುರ್ಬಲಗೊಳ್ಳುವುದೂ ಉಂಟು. ಇಂತಹವರಲ್ಲಿ ಲಯವನ್ನು ಸರಿಪಡಿಸಿದರೆ ಹೃದಯದ ಶಕ್ತಿಯೂ ಮರಳುತ್ತದೆ.

ಕವಾಟಗಳ ರೋಗ

ಎಡ ಹೃತ್ಕರ್ಣ ಮತ್ತು ಎಡ ಹೃತ್ಕುಕ್ಷಿಯ ನಡುವಿನ ಮೈಟ್ರಲ್ ಕವಾಟ ಕಿರಿದಾದರೆ ರಕ್ತ ಹಿಂದೆ ನಿಂತು ಎಡ ಹೃತ್ಕರ್ಣ ವರ್ಷಗಳ ಕಾಲ ಹಿಗ್ಗುತ್ತಾ ಹೋಗುತ್ತದೆ. ಹಿಗ್ಗಿದ ಗೋಡೆಯಲ್ಲಿ ಅನೇಕ ಸಂಕೇತಗಳು ಏಕಕಾಲದಲ್ಲಿ ಅಡ್ಡಾದಿಡ್ಡಿಯಾಗಿ ಓಡಾಡಿ ಹೃತ್ಕರ್ಣ ಕಂಪನವನ್ನು ಉಂಟುಮಾಡುತ್ತವೆ. ಇದರಲ್ಲಿ ಹೃತ್ಕರ್ಣಗಳು ನಿಮಿಷಕ್ಕೆ 350ಕ್ಕಿಂತ ಹೆಚ್ಚು ಬಾರಿ ಅದುರುತ್ತವೆ. ಎವಿ ನೋಡ್ ಅವುಗಳಲ್ಲಿ ಕೆಲವನ್ನು ಮಾತ್ರ ಕೆಳಗೆ ಬಿಡುವುದರಿಂದ ನಾಡಿಯು ಯಾವ ಕ್ರಮವೂ ಇಲ್ಲದೆ ಬಡಿಯುತ್ತದೆ.

ಭಾರತದಲ್ಲಿ ಮೈಟ್ರಲ್ ಕವಾಟ ಕಿರಿದಾಗಲು ಮುಖ್ಯ ಕಾರಣ ರುಮ್ಯಾಟಿಕ್ ಜ್ವರ. ಬಾಲ್ಯದಲ್ಲಿ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದಿಂದ ಬರುವ ಗಂಟಲು ನೋವಿಗೆ ಸರಿಯಾದ ಚಿಕಿತ್ಸೆ ದೊರೆಯದಿದ್ದಾಗ, ದೇಹದ ರೋಗನಿರೋಧಕ ವ್ಯವಸ್ಥೆ ಹೃದಯದ ಕವಾಟಗಳ ಮೇಲೆಯೇ ದಾಳಿ ಮಾಡುತ್ತದೆ. ಶಾಲೆಗೆ ಹೋಗುವ ವಯಸ್ಸಿನಲ್ಲಿ ಬಂದ ಜ್ವರದ ಫಲವಾಗಿ ಮೂವತ್ತು, ನಲವತ್ತರ ವಯಸ್ಸಿನಲ್ಲಿ ಲಯದೋಷ ಕಾಣಿಸಿಕೊಳ್ಳಬಹುದು. ಕೆಲವು ಸ್ತ್ರೀಯರಲ್ಲಿ ಗರ್ಭಿಣಿಯಾದಾಗ ಹೃದಯದ ಮೇಲೆ ಹೆಚ್ಚಿನ ಹೊರೆ ಬಿದ್ದು ಈ ರೋಗ ಮೊದಲ ಬಾರಿಗೆ ಬೆಳಕಿಗೆ ಬರುತ್ತದೆ.

ಅಧಿಕ ರಕ್ತದೊತ್ತಡ

ಬಹುಕಾಲ ನಿಯಂತ್ರಣವಿಲ್ಲದ ರಕ್ತದೊತ್ತಡದಿಂದ ಎಡ ಹೃತ್ಕುಕ್ಷಿಯ ಗೋಡೆ ದಪ್ಪವಾಗಿ ಬಿರುಸಾಗುತ್ತದೆ. ಅದಕ್ಕೆ ರಕ್ತ ತುಂಬಲು ಹೃತ್ಕರ್ಣ ಹೆಚ್ಚು ಶ್ರಮಪಡಬೇಕಾಗಿ ಅದೂ ಹಿಗ್ಗುತ್ತದೆ. ವಯಸ್ಸಾದವರಲ್ಲಿ ಹೃತ್ಕರ್ಣ ಕಂಪನಕ್ಕೆ ಇದು ಅತ್ಯಂತ ಸಾಮಾನ್ಯವಾದ ಕಾರಣಗಳಲ್ಲಿ ಒಂದು. ರಕ್ತದೊತ್ತಡಕ್ಕೆ ಯಾವ ಲಕ್ಷಣವೂ ಇರುವುದಿಲ್ಲವೆಂದು ಮಾತ್ರೆ ನಿಲ್ಲಿಸುವವರಲ್ಲಿ ಈ ಬದಲಾವಣೆಗಳು ಸದ್ದಿಲ್ಲದೆ ಮುಂದುವರಿಯುತ್ತವೆ.

ಹೃದಯ ಸ್ನಾಯುವಿನ ರೋಗಗಳು

ಕೆಲವು ಕುಟುಂಬಗಳಲ್ಲಿ ಆನುವಂಶಿಕ ದೋಷದಿಂದ ಹೃದಯದ ಸ್ನಾಯು ಕಾರಣವಿಲ್ಲದೆ ದಪ್ಪವಾಗುತ್ತದೆ. ಸ್ನಾಯುವಿನ ಎಳೆಗಳು ಸಾಲಾಗಿರುವ ಬದಲು ಅಸ್ತವ್ಯಸ್ತವಾಗಿ ಹೆಣೆದುಕೊಂಡಿರುತ್ತವೆ. ಕ್ರೀಡಾಪಟುಗಳು ಆಟದ ಮೈದಾನದಲ್ಲಿ ಹಠಾತ್ತನೆ ಕುಸಿದು ಸಾಯಲು ಇದೂ ಒಂದು ಕಾರಣ. ಎಮ್‌ವೈಬಿಪಿಸಿ3 ಎಂಬ ವಂಶವಾಹಿಯಲ್ಲಿ 25 ಘಟಕಗಳು ಲೋಪವಾಗಿರುವ ಒಂದು ರೂಪವು ದಕ್ಷಿಣ ಏಷ್ಯಾದ ಜನರಲ್ಲಿ ಸುಮಾರು ಶೇಕಡಾ 4ರಷ್ಟು ಮಂದಿಯಲ್ಲಿದ್ದು, ಸ್ನಾಯುರೋಗದ ಸಂಭವವನ್ನು ಹೆಚ್ಚಿಸುತ್ತದೆ ಎಂದು 2009ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ವೈರಸ್ ಸೋಂಕು ಮತ್ತು ಅತಿಯಾದ ಮದ್ಯಪಾನದಿಂದಲೂ ಸ್ನಾಯು ಹಾನಿಗೊಳ್ಳುತ್ತದೆ. ಲ್ಯಾಟಿನ್ ಅಮೆರಿಕದಲ್ಲಿ ಕೀಟವೊಂದರ ಮೂಲಕ ಹರಡುವ ಷಾಗಾಸ್ ರೋಗವು ಲಯದೋಷ ಮತ್ತು ಹಾರ್ಟ್ ಬ್ಲಾಕ್‌ಗಳಿಗೆ ಪ್ರಮುಖ ಕಾರಣವಾಗಿದೆ.

ಜನ್ಮಜಾತ ದೋಷ ಮತ್ತು ಶಸ್ತ್ರಚಿಕಿತ್ಸೆಯ ಕಲೆ

ಹುಟ್ಟಿನಿಂದ ಬಂದ ಹೃದಯದ ದೋಷವನ್ನು ಬಾಲ್ಯದಲ್ಲಿ ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಿದ್ದರೂ, ಹೊಲಿಗೆಯ ಕಲೆಯ ಸುತ್ತ ಮುಂದೆ ಲಯದೋಷ ಉಂಟಾಗಬಹುದು. ಆದ್ದರಿಂದ ಅಂತಹವರು ದೊಡ್ಡವರಾದ ಮೇಲೂ ತಪಾಸಣೆಯನ್ನು ಮುಂದುವರಿಸಬೇಕಾಗುತ್ತದೆ. ಬೈಪಾಸ್ ಶಸ್ತ್ರಚಿಕಿತ್ಸೆಯಾದ ಮೊದಲ ಕೆಲವು ದಿನಗಳಲ್ಲಿ ಅನೇಕ ರೋಗಿಗಳಿಗೆ ಹೃತ್ಕರ್ಣ ಕಂಪನ ಕಾಣಿಸಿಕೊಳ್ಳುತ್ತದೆ. ಹೆಚ್ಚಿನವರಲ್ಲಿ ಅದು ತಾತ್ಕಾಲಿಕ.

ಪ್ರಚೋದಕ ಕಾರಣಗಳು

ಕಲೆಯಾಗಲಿ ಹಿಗ್ಗಿದ ಕೋಣೆಯಾಗಲಿ ಸದಾ ಇರುತ್ತದೆ. ಲಯದೋಷ ಮಾತ್ರ ಯಾವುದೋ ಒಂದು ದಿನ ಬರುತ್ತದೆ. ಆ ದಿನ ಅದನ್ನು ಕೆರಳಿಸಿದ ಕಾರಣ ಬೇರೆಯೇ ಇರುತ್ತದೆ. ಅವುಗಳಲ್ಲಿ ಮುಖ್ಯವಾದವು:

* ಲವಣಾಂಶದ ಏರುಪೇರು: ರಕ್ತದಲ್ಲಿ ಪೊಟ್ಯಾಸಿಯಂ ಲೀಟರಿಗೆ 3.5ರಿಂದ 5 ಮಿಲಿಮೋಲ್ ಇರಬೇಕು. ಕಾಲಿನ ಬಾವು ಇಳಿಸಲು ಕೊಡುವ ಮೂತ್ರವರ್ಧಕಗಳಿಂದ, ವಾಂತಿ ಭೇದಿಗಳಿಂದ ಅದು ಇಳಿಯುತ್ತದೆ. ಜೊತೆಗೆ ಮೆಗ್ನೀಸಿಯಂ ಕೂಡ ನಷ್ಟವಾಗುತ್ತದೆ. ಮೂತ್ರಪಿಂಡಗಳ ವೈಫಲ್ಯದಲ್ಲಿ ಹಾಗೂ ಕೆಲವು ರಕ್ತದೊತ್ತಡದ ಔಷಧಗಳಿಂದ ಪೊಟ್ಯಾಸಿಯಂ ಏರುತ್ತದೆ. ಎರಡೂ ಅಪಾಯಕರ. ಎಳನೀರು, ಬಾಳೆಹಣ್ಣುಗಳಲ್ಲಿ ಪೊಟ್ಯಾಸಿಯಂ ಸಮೃದ್ಧವಾಗಿರುವುದರಿಂದ ಮೂತ್ರಪಿಂಡದ ತೊಂದರೆಯಿರುವ ಹೃದ್ರೋಗಿಗಳು ಅವುಗಳ ಪ್ರಮಾಣದ ಬಗ್ಗೆ ವೈದ್ಯರನ್ನು ಕೇಳಬೇಕು. ಉಪ್ಪಿಗೆ ಬದಲಾಗಿ ಮಾರುವ ಕಡಿಮೆ ಸೋಡಿಯಂ ಉಪ್ಪಿನಲ್ಲಿಯೂ ಪೊಟ್ಯಾಸಿಯಂ ಇರುತ್ತದೆ.
* ಆಮ್ಲಜನಕದ ಕೊರತೆ: ನ್ಯುಮೋನಿಯಾ, ತೀವ್ರ ರಕ್ತಹೀನತೆ ಮತ್ತು ನಿದ್ರೆಯಲ್ಲಿ ಉಸಿರು ನಿಂತುನಿಂತು ಬರುವ ತೊಂದರೆ.
* ಥೈರಾಯ್ಡ್ ಗ್ರಂಥಿಯ ಅತಿ ಚಟುವಟಿಕೆ: ಹೃತ್ಕರ್ಣ ಕಂಪನಕ್ಕೆ ಕಾರಣ ಹುಡುಕುವಾಗ ಥೈರಾಯ್ಡ್ ಪರೀಕ್ಷೆಯನ್ನು ಮಾಡಿಸುವುದು ಇದಕ್ಕಾಗಿಯೇ.
* ಮದ್ಯಪಾನ: ಒಂದೇ ಬಾರಿ ಹೆಚ್ಚು ಕುಡಿದಾಗಲೂ ಹೃತ್ಕರ್ಣ ಕಂಪನ ಆರಂಭವಾಗಬಹುದು.
* ಜ್ವರ, ಸೋಂಕು, ನಿರ್ಜಲೀಕರಣ ಮತ್ತು ತೀವ್ರ ಮಾನಸಿಕ ಉದ್ವೇಗ.

ಔಷಧಗಳಿಂದ ಉಂಟಾಗುವ ಲಯದೋಷ

ಹೃದಯಕ್ಕಾಗಿ ಕೊಡುವ ಔಷಧವೇ ಲಯವನ್ನು ಕೆಡಿಸಬಹುದು. ಡಿಜಿಟಾಲಿಸ್ ಗಿಡದ ಎಲೆಯ ಉಪಯೋಗವನ್ನು ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲಿ ವಿವರಿಸಿದನು. ಆ ಗುಂಪಿಗೆ ಸೇರಿದ ಡಿಗಾಕ್ಸಿನ್ ಇಂದಿಗೂ ಬಳಕೆಯಲ್ಲಿದೆ. ಅದರ ಉಪಯುಕ್ತ ಪ್ರಮಾಣಕ್ಕೂ ವಿಷಕಾರಿ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ. ಮೂತ್ರಪಿಂಡ ದುರ್ಬಲವಾದಾಗ ಅಥವಾ ಪೊಟ್ಯಾಸಿಯಂ ಇಳಿದಾಗ ಮಾಮೂಲಿನ ಮಾತ್ರೆಯೇ ವಿಷವಾಗಬಹುದು. ನಮ್ಮ ಹಿತ್ತಲುಗಳಲ್ಲಿ ಬೆಳೆಯುವ ಕಣಗಿಲೆ ಗಿಡದಲ್ಲಿಯೂ ಇದೇ ಬಗೆಯ ವಿಷವಸ್ತುಗಳಿವೆ. ಆದುದರಿಂದ ಅದು ಸೇರಿರುವ ಯಾವ ನಾಟಿ ಔಷಧವನ್ನೂ ಹೃದ್ರೋಗಿಗಳು ಸೇವಿಸಬಾರದು.

ಕೆಲವು ಪ್ರತಿಜೈವಿಕಗಳು, ಮಾನಸಿಕ ರೋಗದ ಔಷಧಗಳು ಮತ್ತು ಲಯದೋಷಕ್ಕೆಂದೇ ಕೊಡುವ ಕೆಲವು ಮಾತ್ರೆಗಳು ಇಸಿಜಿಯಲ್ಲಿ ಕ್ಯೂಟಿ ಎಂಬ ಅಂತರವನ್ನು ಉದ್ದವಾಗಿಸಿ, ಪ್ರೇರಿತ ಸಂಕೇತಗಳಿಗೆ ಎಡೆಮಾಡಿಕೊಡುತ್ತವೆ.

ಈ ವಿಷಯದಲ್ಲಿ ವೈದ್ಯಲೋಕಕ್ಕೆ ದೊಡ್ಡ ಪಾಠ ಕಲಿಸಿದ್ದು ಅಮೆರಿಕದಲ್ಲಿ ನಡೆದ, ಕಾಸ್ಟ್ ಎಂಬ ಸಂಕ್ಷಿಪ್ತ ಹೆಸರಿನ ಅಧ್ಯಯನ. ಹೃದಯಾಘಾತದ ನಂತರ ಹೃತ್ಕುಕ್ಷಿಯಿಂದ ಹೆಚ್ಚುವರಿ ಬಡಿತಗಳು ಬರುವವರಲ್ಲಿ ಸಾವು ಹೆಚ್ಚು ಎಂಬುದು ತಿಳಿದಿತ್ತು. ಹಾಗಾದರೆ ಆ ಬಡಿತಗಳನ್ನು ಔಷಧದಿಂದ ಅಡಗಿಸಿದರೆ ಸಾವು ಕಡಿಮೆಯಾಗಬೇಕಲ್ಲವೇ ಎಂಬುದು ಅಂದಿನ ತರ್ಕ. ಎನ್‌ಕೈನೈಡ್ ಮತ್ತು ಫ್ಲೆಕೈನೈಡ್ ಔಷಧಗಳು ಆ ಬಡಿತಗಳನ್ನು ಅಡಗಿಸಿದ್ದು ನಿಜ. ಆದರೆ ಸರಾಸರಿ ಹತ್ತು ತಿಂಗಳ ಅವಧಿಯಲ್ಲಿ ಔಷಧ ಸೇವಿಸಿದ 755 ಮಂದಿಯಲ್ಲಿ 63 ಜನರೂ, ಹುಸಿ ಮಾತ್ರೆ ಸೇವಿಸಿದ 743 ಮಂದಿಯಲ್ಲಿ 26 ಜನರೂ ಮರಣಹೊಂದಿದರು. 1989ರಲ್ಲಿ ಈ ಔಷಧಗಳ ಪ್ರಯೋಗವನ್ನು ನಿಲ್ಲಿಸಲಾಯಿತು. ಕಲೆಯ ಅಂಚಿನಲ್ಲಿ ಮೊದಲೇ ನಿಧಾನವಾಗಿದ್ದ ವಿದ್ಯುತ್ತನ್ನು ಔಷಧ ಇನ್ನಷ್ಟು ನಿಧಾನಗೊಳಿಸಿ ಮರುಪ್ರವೇಶಕ್ಕೆ ದಾರಿ ಮಾಡಿಕೊಟ್ಟಿತು ಎಂಬುದು ಇದಕ್ಕೆ ನೀಡಲಾಗುವ ವಿವರಣೆ. ಹೆಚ್ಚುವರಿ ಬಡಿತವು ಹಾನಿಯ ಗುರುತೇ ಹೊರತು ಸಾವಿನ ಮೂಲವಲ್ಲ ಎಂಬ ತಿಳಿವಳಿಕೆ ಇದರಿಂದ ಗಟ್ಟಿಯಾಯಿತು.

ಪರಿಣಾಮಗಳು

ಹೃತ್ಕರ್ಣ ಕಂಪನದಲ್ಲಿ ಹೃತ್ಕರ್ಣ ಸರಿಯಾಗಿ ಸಂಕುಚಿಸದಿರುವುದರಿಂದ ಅದರ ಮೂಲೆಯಲ್ಲಿರುವ ಸಣ್ಣ ಚೀಲದಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ರಕ್ತದೊಡನೆ ಮಿದುಳಿಗೆ ಸಾಗಿದರೆ ಪಾರ್ಶ್ವವಾಯು ಉಂಟಾಗುತ್ತದೆ. ಕವಾಟದ ರೋಗವಿಲ್ಲದವರಲ್ಲಿಯೂ ಹೃತ್ಕರ್ಣ ಕಂಪನವು ಪಾರ್ಶ್ವವಾಯುವಿನ ಅಪಾಯವನ್ನು ಸುಮಾರು ಐದು ಪಟ್ಟು ಹೆಚ್ಚಿಸುತ್ತದೆ. ಮೈಟ್ರಲ್ ಕವಾಟ ಕಿರಿದಾಗಿದ್ದರೆ ಅಪಾಯ ಇನ್ನೂ ಹೆಚ್ಚು. ರೋಗಿಗೆ ಎದೆಬಡಿತದ ಅರಿವೇ ಇಲ್ಲದಿದ್ದರೂ ಈ ಅಪಾಯ ಇದ್ದೇ ಇರುತ್ತದೆ.

ಹೃತ್ಕುಕ್ಷಿಯ ವೇಗದ ಬಡಿತ ಮತ್ತು ಕಂಪನದಿಂದ ಹೃದಯ ಸ್ತಂಭನ ಉಂಟಾಗಬಹುದು. ಹೃದಯಾಘಾತ ಮತ್ತು ಹೃದಯ ಸ್ತಂಭನಗಳನ್ನು ಒಂದೇ ಎಂದು ಭಾವಿಸುವುದು ಸರಿಯಲ್ಲ. ಆಘಾತದಲ್ಲಿ ರಕ್ತನಾಳ ಕಟ್ಟಿಕೊಂಡಿರುತ್ತದೆ, ರೋಗಿ ಮಾತನಾಡುತ್ತಿರಬಹುದು. ಸ್ತಂಭನದಲ್ಲಿ ರಕ್ತಪರಿಚಲನೆಯೇ ನಿಂತಿರುತ್ತದೆ. ಮೊದಲನೆಯದು ಎರಡನೆಯದಕ್ಕೆ ಕಾರಣವಾಗಬಹುದು.

ಪತ್ತೆಹಚ್ಚುವಿಕೆ

ಮಣಿಕಟ್ಟಿನ ನಾಡಿಯನ್ನು ಹಿಡಿದು ನೋಡುವುದು ಅತ್ಯಂತ ಸರಳವಾದ ಪರೀಕ್ಷೆ. ಹೆಬ್ಬೆರಳಿನ ಬುಡದ ಕೆಳಗೆ ಎರಡು ಬೆರಳಿಟ್ಟು ಒಂದು ನಿಮಿಷ ಎಣಿಸಿದಾಗ ಬಡಿತ ಕ್ರಮತಪ್ಪಿದ್ದರೆ ಇಸಿಜಿ ಮಾಡಿಸಬೇಕು. ಲಯದೋಷ ಬಂದುಹೋಗುವ ಸ್ವಭಾವದ್ದಾಗಿದ್ದರೆ ಒಂದು ಇಸಿಜಿಯಲ್ಲಿ ಅದು ಸಿಗದಿರಬಹುದು. ಆಗ 24 ಗಂಟೆ ಅಥವಾ ಹೆಚ್ಚು ಕಾಲ ದೇಹಕ್ಕೆ ಕಟ್ಟಿಕೊಳ್ಳುವ ಹೋಲ್ಟರ್ ಯಂತ್ರವನ್ನು ಬಳಸುತ್ತಾರೆ. ಕವಾಟ ಮತ್ತು ಸ್ನಾಯುವಿನ ಸ್ಥಿತಿಯನ್ನು ಎಕೊ ಪರೀಕ್ಷೆ ತೋರಿಸುತ್ತದೆ. ಲವಣಾಂಶ, ಮೂತ್ರಪಿಂಡ ಮತ್ತು ಥೈರಾಯ್ಡ್‌ಗಳ ರಕ್ತಪರೀಕ್ಷೆ ಪ್ರಚೋದಕ ಕಾರಣವನ್ನು ಹುಡುಕಲು ನೆರವಾಗುತ್ತದೆ.

ಕಾರಣಕ್ಕೆ ತಕ್ಕ ಚಿಕಿತ್ಸೆ

ಲವಣಾಂಶ ಇಳಿದಿದ್ದರೆ ಅದನ್ನು ತುಂಬಬೇಕು. ಔಷಧ ಕಾರಣವಾಗಿದ್ದರೆ ವೈದ್ಯರು ಅದನ್ನು ಬದಲಿಸುತ್ತಾರೆ. ರಕ್ತನಾಳ ಕಟ್ಟಿದ್ದರೆ ಅದನ್ನು ತೆರೆಯಬೇಕು. ಬೀಟಾ ಬ್ಲಾಕರ್ ಔಷಧಗಳು ಅಡ್ರಿನಲಿನ್ ಪ್ರಭಾವವನ್ನು ತಗ್ಗಿಸಿ, ಹೃದಯಾಘಾತ ಹಾಗೂ ಹೃದಯ ವೈಫಲ್ಯಗಳಲ್ಲಿ ಹಠಾತ್ ಮರಣವನ್ನು ಕಡಿಮೆ ಮಾಡುತ್ತವೆ. ಅವುಗಳನ್ನು ಏಕಾಏಕಿ ನಿಲ್ಲಿಸುವುದು ಅಪಾಯಕರ. ನಿಧಾನದ ಬಡಿತಕ್ಕೆ ಪೇಸ್‌ಮೇಕರ್ ಅಳವಡಿಸುತ್ತಾರೆ. ಹೃತ್ಕುಕ್ಷಿಯ ಕಂಪನದ ಅಪಾಯವಿರುವವರಿಗೆ, ಲಯವನ್ನು ಸದಾ ಗಮನಿಸುತ್ತಾ ಅಗತ್ಯಬಿದ್ದಾಗ ವಿದ್ಯುತ್ ಆಘಾತ ನೀಡುವ ಐಸಿಡಿ ಸಾಧನವನ್ನು ಅಳವಡಿಸಲಾಗುತ್ತದೆ. ಲಯದೋಷದ ಮೂಲಸ್ಥಾನವನ್ನು ಗುರುತಿಸಿ, ತೆಳುವಾದ ನಳಿಕೆಯ ತುದಿಯ ಶಾಖದಿಂದ ಅದನ್ನು ಸುಡುವ ಅಬ್ಲೇಷನ್ ಚಿಕಿತ್ಸೆಯೂ ಇದೆ.

ಹೃತ್ಕರ್ಣ ಕಂಪನವಿರುವ ಬಹುಪಾಲು ಹೃದ್ರೋಗಿಗಳಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ ಬೇಕಾಗುತ್ತದೆ. ಹೊಸ ಔಷಧಗಳು ಬಳಕೆಗೆ ಬಂದಿದ್ದರೂ, ರುಮ್ಯಾಟಿಕ್ ಕವಾಟ ರೋಗವಿರುವವರಲ್ಲಿ ವಾರ್ಫರಿನ್‌ನಂತಹ ಹಳೆಯ ಔಷಧಗಳೇ ಮೇಲೆಂದು 2022ರಲ್ಲಿ ಪ್ರಕಟವಾದ ಇನ್‌ವಿಕ್ಟಸ್ ಅಧ್ಯಯನ ತೋರಿಸಿತು. ಇವುಗಳನ್ನು ಸೇವಿಸುವವರು ಐಎನ್‌ಆರ್ ರಕ್ತಪರೀಕ್ಷೆಯನ್ನು ತಪ್ಪದೆ ಮಾಡಿಸಬೇಕು.

ತಡೆಗಟ್ಟುವಿಕೆ ಮತ್ತು ತುರ್ತು ನೆರವು

ಮಕ್ಕಳ ಗಂಟಲು ನೋವಿಗೆ ಸಕಾಲದಲ್ಲಿ ಚಿಕಿತ್ಸೆ ಕೊಡಿಸುವುದು, ಒಮ್ಮೆ ರುಮ್ಯಾಟಿಕ್ ಜ್ವರ ಬಂದವರಿಗೆ ಮೂರು ಅಥವಾ ನಾಲ್ಕು ವಾರಗಳಿಗೊಮ್ಮೆ ಪೆನಿಸಿಲಿನ್ ಚುಚ್ಚುಮದ್ದನ್ನು ವರ್ಷಗಳ ಕಾಲ ಮುಂದುವರಿಸುವುದು, ರಕ್ತದೊತ್ತಡ ಹಾಗೂ ಮಧುಮೇಹವನ್ನು ಹತೋಟಿಯಲ್ಲಿಡುವುದು, ತಂಬಾಕು ಮತ್ತು ಮದ್ಯವನ್ನು ಬಿಡುವುದು ಮುಖ್ಯ ಕ್ರಮಗಳು. ಎದೆನೋವು ಬಂದಾಗ ಬೇಗನೆ ಆಸ್ಪತ್ರೆ ಸೇರಿದಷ್ಟೂ ಸ್ನಾಯು ಉಳಿಯುತ್ತದೆ, ಕಲೆ ಚಿಕ್ಕದಾಗುತ್ತದೆ. ಕರ್ನಾಟಕದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ಪರೀಕ್ಷೆಯನ್ನೂ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನೂ ಉಚಿತವಾಗಿ ಒದಗಿಸುವ ವ್ಯವಸ್ಥೆ ಇರುವುದು ಈ ಉದ್ದೇಶದಿಂದಲೇ.

ಯಾರಾದರೂ ಹಠಾತ್ತನೆ ಕುಸಿದು, ಕೂಗಿದರೂ ಓಗೊಡದೆ, ಸಹಜವಾಗಿ ಉಸಿರಾಡದಿದ್ದರೆ ಅದನ್ನು ಹೃದಯ ಸ್ತಂಭನವೆಂದೇ ಭಾವಿಸಿ 108ಕ್ಕೆ ಕರೆಮಾಡಬೇಕು. ಆಂಬುಲೆನ್ಸ್ ಬರುವವರೆಗೆ ಎದೆಯ ನಡುಭಾಗವನ್ನು ಎರಡೂ ಕೈಗಳಿಂದ ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಬೇಕು. ಯಾವ ನೆರವೂ ಇಲ್ಲದೆ ಕಳೆಯುವ ಒಂದೊಂದು ನಿಮಿಷಕ್ಕೂ ಬದುಕುಳಿಯುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತದೆ. ಬಾಯಿಗೆ ನೀರು ಹಾಕುವುದು, ಕೈಗೆ ಕಬ್ಬಿಣ ಹಿಡಿಸುವುದು ಮುಂತಾದವುಗಳಿಂದ ಪ್ರಯೋಜನವಿಲ್ಲ. ಅಮೂಲ್ಯವಾದ ಸಮಯ ವ್ಯರ್ಥವಾಗುತ್ತದೆ.

ಇತಿಹಾಸ

ಹೃದಯದ ವಿದ್ಯುತ್ ಮಾರ್ಗದ ಅರಿವು ಕೊನೆಯಿಂದ ಮೊದಲಿಗೆ ಬೆಳೆದುಬಂದದ್ದು ವಿಶೇಷ. ಮಾರ್ಗದ ಕೊನೆಯಲ್ಲಿರುವ ತಂತುಗಳನ್ನು ಪುರ್ಕಿಂಜೆ 1839ರಲ್ಲಿಯೂ, ನಡುವಿನ ಕಂತೆಯನ್ನು ವಿಲ್ಹೆಲ್ಮ್ ಹಿಸ್ 1893ರಲ್ಲಿಯೂ, ಎವಿ ನೋಡ್ ಅನ್ನು ಜಪಾನಿನ ಸುನಾವೊ ತವಾರ 1906ರಲ್ಲಿಯೂ ವಿವರಿಸಿದರು. ಮಾರ್ಗದ ಆರಂಭವಾದ ಎಸ್‌ಎ ನೋಡ್ ಅನ್ನು ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲಾಕ್ 1907ರಲ್ಲಿ ಕಂಡುಹಿಡಿದರು. ಇಸಿಜಿಯನ್ನು ರೂಪಿಸಿದ ವಿಲ್ಲೆಮ್ ಐಂತೋವನ್‌ಗೆ 1924ರ ನೊಬೆಲ್ ಪ್ರಶಸ್ತಿ ದೊರೆಯಿತು. ಮರುಪ್ರವೇಶದ ತತ್ತ್ವವನ್ನು ಜಾರ್ಜ್ ಮೈನ್ಸ್ 1913ರಲ್ಲಿ ಪ್ರಯೋಗಗಳ ಮೂಲಕ ತೋರಿಸಿದನು.

1958ರಲ್ಲಿ ಸ್ವೀಡನ್ನಿನ ಆರ್ನೆ ಲಾರ್ಸನ್ ಅವರಿಗೆ ದೇಹದೊಳಗೆ ಪೇಸ್‌ಮೇಕರ್ ಅಳವಡಿಸಲಾಯಿತು. ಆ ಮೊದಲ ಸಾಧನ ಕೆಲವೇ ಗಂಟೆ ಕೆಲಸ ಮಾಡಿತಾದರೂ, ಅನಂತರದ ಸಾಧನಗಳ ನೆರವಿನಿಂದ ಅವರು 2001ರವರೆಗೆ ಬದುಕಿದರು. ಮಿಶೆಲ್ ಮಿರೋವ್‌ಸ್ಕಿಯವರ ಪ್ರಯತ್ನದ ಫಲವಾದ ಐಸಿಡಿಯನ್ನು ಮೊದಲ ಬಾರಿಗೆ ಮನುಷ್ಯರಿಗೆ ಅಳವಡಿಸಿದ್ದು 1980ರಲ್ಲಿ. ಹೃತ್ಕರ್ಣ ಕಂಪನವನ್ನು ಆರಂಭಿಸುವ ಸಂಕೇತಗಳಲ್ಲಿ ಹೆಚ್ಚಿನವು ಶ್ವಾಸಕೋಶಗಳಿಂದ ರಕ್ತ ತರುವ ಅಭಿಧಮನಿಗಳ ಬಾಯಿಯಲ್ಲಿ ಹುಟ್ಟುತ್ತವೆ ಎಂಬುದನ್ನು ಫ್ರಾನ್ಸಿನ ಮಿಶೆಲ್ ಹೈಸಗೇರ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿಕೊಟ್ಟರು. ಇಂದಿನ ಅಬ್ಲೇಷನ್ ಚಿಕಿತ್ಸೆಗೆ ಆ ಶೋಧವೇ ಬುನಾದಿ.